ನಲವತ್ತು ನಿಮಿಷದ ಕುರ್ವೆ

ಸುಮ್ಮನೆ ತುಳಿದರೆ ಅಘನಾಶಿನಿಯ ನಡುವಿನ ನಮ್ಮ ಕುರ್ವೆ
ನಲವತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ.
ಲೋಪೀಸರು ಬೋರ್ಡಿನಲ್ಲಿ ಬರೆಸಿದ್ದು ಅರ್ಧ ದಿನ.
ಉಳಿದ ಮೂರು ಗಂಟೆ ಇಪ್ಪತ್ತು ನಿಮಿಷ
ನಾನು ಹುಟ್ಟಿಸಬೇಕು.
ಸಂಬಳ ಅದಕ್ಕೇ.

ಬೆಳಿಗ್ಗೆ ಸಂಕದ ಬುಡದಲ್ಲಿ ಏಳು ಸೈಕಲ್ಲು.
ಗಾಳಿ ನೋಡಿ, ಬ್ರೇಕು ಒತ್ತಿ, ಸೀಟು ಏರಿಸಿ ಇಳಿಸಿ
ಜನ ಎಣಿಸಿದೆ:
ಕ್ಯಾಮೆರಾದವರು ಇಬ್ಬರು,
ಮಾತು ಬಿಟ್ಟ ಗಂಡಹೆಂಡತಿ, ಅವನು ಮುಂದೆ, ಅವಳು ಹಿಂದೆ,
ನಡುವೆ ಬೆಲ್ಲು ಬಿಡದ ಅವರ ಹುಡುಗ,
ಮತ್ತೆ ಹುಬ್ಬಳ್ಳಿಯ ನೀಲಾಂಬಿಕಾ ಮೇಡಂ, ಬ್ಯಾಂಕಿನಿಂದ ರಿಟೈರ್ಡು.
"ಸೈಕಲ್ ಹೊಡದು ಮೂವತ್ತೆಂಟು ವರ್ಷ ಆತವ್ವ" ಅಂದರು.
ತಲೆ ಮರೀತದೆ, ಕಾಲು ಮರೆಯೂದಿಲ್ಲ, ಅಂದೆ.
ಎಲ್ಲರಿಗೂ ಹೀಗೇ ಹೇಳುವುದು.

ಮೊದಲು ಜಂತ್ರಡಿ.
ಹಲಗೆ ಎತ್ತಿದರೆ ಉಪ್ಪುನೀರು ಗಜನಿಗೆ,
ಇಳಿಸಿದರೆ ಹೊಳೆ ಹೊರಗೆ.
ಎರಡು ನಿಮಿಷದ ಮಾತು; ಹದಿನೈದು ಮಾಡುತ್ತೇನೆ.
ಉಪ್ಪಿಗೂ ಜಗ್ಗದ ಕಗ್ಗದ ಬತ್ತ,
ಎದೆಮಟ್ಟ ಬೆಳೆದು ನೀರಿಗೆ ಒರಗುವುದು,
ತೆನೆಯಷ್ಟನ್ನೇ ಕೊಯ್ಯುವುದು.
"ಎಲ್ಲಿದೆ?" ಹುಡುಗ ಕೇಳಿದ.
ಈಗಿಲ್ಲ, ಈಗ ಶೆಟ್ಲಿ ಕಾಲ, ಮಳೆಗಾಲಕ್ಕೆ ಬಾ.
ಇಲ್ಲದ್ದನ್ನು ತೋರಿಸುವುದೇ
ನಮ್ಮ ಕೆಲಸದ ಅರ್ಧ.

ಆಚೆ ಸೊಂಟಮಟ್ಟ ನೀರಲ್ಲಿ ಬೆಳಚು ಹೆಕ್ಕುವ ಹೆಂಗಸರು.
"ಒಮ್ಮೆ ಈ ಕಡೆ ನೋಡೋಕೆ ಹೇಳಿ" ಅಂದ ಕ್ಯಾಮೆರಾ.
ಕೆಂಪು ಟವೆಲ್ಲು ಸುತ್ತಿಕೊಂಡವಳು ನನ್ನ ಅತ್ತಿಗೆ.
ಹೇಳಲಿಲ್ಲ.
ಅವಳೂ ನನ್ನ ಗುರುತು ಹಿಡಿಯಲಿಲ್ಲ.
ಕಾಲಡಿಯ ಕೆಸರನ್ನು ಹೆಬ್ಬೆರಳಲ್ಲಿ ಓದುತ್ತ
ಮುಂದೆ ಹೋದಳು.

ಹಳೇ ದೋಣಿಕಟ್ಟೆಯಲ್ಲಿ ಒಂದು ಕತೆ:
ಸಂಕ ಇಲ್ಲದ ಕಾಲದಲ್ಲಿ ಇಲ್ಲೊಬ್ಬ ಅಂಬಿಗ.
ಮನುಷ್ಯನಿಗೆ ನಾಲ್ಕಾಣೆ, ಸೈಕಲ್ಲಿಗೆ ಎಂಟಾಣೆ.
ಯಾಕೋ ಅಂದರೆ,
"ಮನುಷ್ಯ ಕೂರಿಸಿದಲ್ಲಿ ಕೂರ್ತ. ಈ ಹಾಳಾದ್ದು ಕೂರೂದಿಲ್ಲ."
ಇಲ್ಲಿ ಎಲ್ಲರೂ ನಗುತ್ತಾರೆ, ಇವತ್ತೂ ನಕ್ಕರು.
ಅಂಬಿಗನ ಹೆಸರು ಜಟ್ಟಿ, ಮನೆ ಆ ತೆಂಗಿನ ಹಿಂದೆ,
ಕವುಚಿದ ದೋಣಿಯಡಿ ಕೋಳಿ ಮೊಟ್ಟೆಯಿಡುತ್ತದೆ,
ಅವನು ಈ ತನಕ ಸೈಕಲ್ಲು ಕಲಿತಿಲ್ಲ,
ನನಗೆ ಕಲಿಸಿದ್ದು ಮಾತ್ರ ಅವನೇ,
ಹಿಂದಿನ ಕ್ಯಾರಿಯರ್ ಹಿಡಿದು ಓಡಿ ಓಡಿ.
ಇಷ್ಟು ಕತೆಗೆ ಸೇರಿಲ್ಲ.

ಗಜನಿಯ ಕಟ್ಟೆ ಒಂದೂವರೆ ಅಡಿ ಅಗಲ.
ಇಳಿದು ತಳ್ಳಿ, ಅಂದೆ. ಎಲ್ಲರೂ ಇಳಿದರು.
ಮೇಡಂ ಇಳಿಯಲಿಲ್ಲ.
ಹತ್ತು ಮಾರು ಹೋದರು, ನೆಟ್ಟಗೆ, ತುಟಿ ಕಚ್ಚಿಕೊಂಡು,
ಆಮೇಲೆ, ಸೀರೆ ಮಡಚಿ ಕಪಾಟಿನಲ್ಲಿಡುವಷ್ಟು ನಿಧಾನಕ್ಕೆ,
ಎಡಕ್ಕೆ ಬಿದ್ದರು.

ಗಂಡ ಒಂದು ತೋಳು, ಹೆಂಡತಿ ಒಂದು ತೋಳು.
"ನಿನ್ನ ಕಡೆ ಎಳಿ." "ಎಳೀತಿದೀನಿ."
ಬೆಳಗಿನಿಂದ ಅಷ್ಟೇ ಅವರ ಮಾತು. ಆಮೇಲೂ ಇಲ್ಲ.
"ಬಿಡ್ರಿ, ಎಬ್ಬಸಬ್ಯಾಡ್ರಿ" ಅಂದರು ಮೇಡಂ,
ಮೊಣಕೈವರೆಗೆ ಕೆಸರು, ಕಿವಿಯಲ್ಲಿ ಕೆಸರು,
"ತಂಪೈತಿ. ಸ್ವಲ್ಪ ಕೂಡ್ತೀನಿ."

ಕೂತರು.
ನಾವು ಕಟ್ಟೆಯ ಮೇಲೆ ನಿಂತೆವು.
ಬೆಳ್ಳಕ್ಕಿಯೊಂದು ಬಂದು ಪಕ್ಕದಲ್ಲೇ ಇಳಿಯಿತು,
ಅವರನ್ನೂ ಗಜನಿಯ ಲೆಕ್ಕಕ್ಕೆ ಹಾಕಿಕೊಂಡು.
ಯಾರೂ ಏನೂ ಕೇಳಲಿಲ್ಲ, ಹುಡುಗ ಬೆಲ್ಲು ಹೊಡೆಯಲಿಲ್ಲ.
ಹನ್ನೊಂದು ನಿಮಿಷ.
ಅದು ನಾನು ಹುಟ್ಟಿಸಿದ್ದಲ್ಲ.

ಸಂಕದ ಬುಡದಲ್ಲಿ ಎಳನೀರು, ಒಗ್ಗರಣೆ ಅವಲಕ್ಕಿ, ಟೆಂಪೋ.
ಜನ ಸರಿ. ಸೈಕಲ್ಲು ಆರು.
ಮೇಡಂ ಕೆಸರಿನ ಚಪ್ಪಲಿ ಕೈಯಲ್ಲಿ ಹಿಡಿದು
ನಡೆದೇ ಬಂದದ್ದು
ಎಣಿಸುವ ನನಗೂ ಕಂಡಿರಲಿಲ್ಲ.

ತಿರುಗಿ ಹೋದೆ, ಒಬ್ಬಳೇ.
ಹೊಳೆ ಏರಿತ್ತು,
ಬಿದ್ದಲ್ಲೇ ಇದ್ದ ಸೈಕಲ್ಲಿನ ಪೆಡಲು ನೀರು ಮುಟ್ಟಿತ್ತು.
ಒಂದನ್ನು ತುಳಿಯುತ್ತ
ಒಂದನ್ನು ಎಡಗೈಯಲ್ಲಿ ಹಿಡಿದು
ಕಟ್ಟಿಗೆ ಬಾರದ ಕರು ಎಳೆದು ತಂದ ಹಾಗೆ ತಂದೆ.
ಜಂತ್ರಡಿಗೆ ಏನೂ ಹೇಳಲಿಲ್ಲ.
ಅತ್ತಿಗೆಯ ಬುಟ್ಟಿ ದಡದಲ್ಲಿರಲಿಲ್ಲ.

ಕವುಚಿದ ದೋಣಿಯ ಬೆನ್ನ ಮೇಲೆ ಅಪ್ಪ.
"ಎಂಥದೆ, ಎರಡೆರಡು?"
ಒಂದು ಜನದ್ದು, ಅಂದೆ, ನಿಲ್ಲದೆ.
ಅವನು ಅಂಗೈ ಚಾಚಿದ.
"ಮಗಳು ಪುಕ್ಕಟೆ.
ಸೈಕಲ್ಲು ಎರಡು.
ಒಂದು ರೂಪಾಯಿ ಇಟ್ಟು ಹೋಗು."